ಒಣ ಕ್ಲಚ್ಚಿನ ಸಪ್ಪಳ

ಸಪ್ಪಳ ಇರಲಿಲ್ಲ. ಶೀಲಾ ಕ್ಲಚ್ಚಿನ ಹಿಡಿಯನ್ನು ಒತ್ತಿ ಹಿಡಿದು ಕಿವಿಗೊಟ್ಟಳು, ಬಿಟ್ಟಳು, ಮತ್ತೆ ಒತ್ತಿದಳು. ಅಂಗಳದ ಶಹಾಬಾದ್ ಫರ್ಸಿಕಲ್ಲಿನ ಮೇಲೆ ನಿಂತ ಕೆಂಪು ಮೋಟಾರ್ ಸೈಕಲ್ಲು ಎಂದಿನ ದಪ್ಪ ದನಿಯಲ್ಲಿ ಗುಡುಗುತ್ತಿತ್ತು. ಆದರೆ ಅದರ ಬಲಗಡೆಯಿಂದ, ತಗಡಿನ ಡಬ್ಬಿಗೆ ಒಂದು ಹಿಡಿ ಗಜ್ಜುಗ ಹಾಕಿ ಕುಲುಕಿದಂತೆ ಬರಬೇಕಾಗಿದ್ದ ಖಡಖಡ ಮಾತ್ರ ಇಲ್ಲ. ಆ ಸಪ್ಪಳದ ದೆಸೆಯಿಂದ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಲಬುರಗಿಯ ಐವಾನ್-ಎ-ಶಾಹಿಯ ಈ ಓಣಿಯಲ್ಲಿ, ಸಿಗ್ನಲ್ಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಎಲ್ಲಿ ನಿಂತರೂ ಯಾರಾದರೊಬ್ಬರು ಬಗ್ಗಿ ನೋಡಿ, “ಬಾಯೋರ, ಒಳಗ ಏನೋ ಲೂಸ್ ಆಗ್ಯದ ನೋಡ್ರಿ” ಅನ್ನುವವರೇ. ಮೊದಮೊದಲು ವಿವರಿಸುತ್ತಿದ್ದಳು. ಬೇರೆ ಗಾಡಿಗಳ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುತ್ತದೆ, ಈ ಇಟಲಿಯ ಗಾಡಿಯದು ಒಣ ಕ್ಲಚ್ಚು, ಬಿಲ್ಲೆಗಳು ಗಾಳಿಯಲ್ಲಿ ಒಂದಕ್ಕೊಂದು ಬಡಿದಾಡುತ್ತವೆ, ಬಡಿದಾಡುತ್ತಿದ್ದರೆ ಅದರ ಮೈ ನೆಟ್ಟಗಿದೆ ಎಂದು ತಿಳಿಯಬೇಕು. ಕೇಳಿದವರು ಗಾಡಿಯನ್ನು ಬಿಟ್ಟು ಅವಳ ಮುಖವನ್ನೇ ನೋಡತೊಡಗಿದಾಗ ವಿವರಿಸುವುದನ್ನು ಬಿಟ್ಟಳು. ಅತ್ತೆ ಶಂಕ್ರಮ್ಮನಿಗೆ ಮಾತ್ರ ಆ ಸಪ್ಪಳ ಬೇಕು. ಟೀವಿ ಕೇಳದ, ಕುಕ್ಕರಿನ ಸೀಟಿ ಕೇಳದ ಮುದುಕಿಗೆ ಓಣಿಯ ತಿರುವಿನಿಂದಲೇ ಖಡಖಡ ಕೇಳುತ್ತದೆ. “ಶೀಲಾ ಬಂದ್ಲು” ಎಂದು, ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂರುತ್ತಾಳೆ.

“ನೋಡು, ಎಷ್ಟು ಶಾಂತ ಆಗ್ಯದ,” ಎಂದ ವಿವೇಕಾನಂದ. ವಿಮಾ ಕಚೇರಿಗೆ ಹೊರಟು ನಿಂತಿದ್ದ ಅವಳ ಗಂಡ ಗೇಟಿನ ಬಳಿ ಕಚೇರಿಯ ಚೀಲ ಹಿಡಿದುಕೊಂಡು, ಮಗುವಿನ ಕ್ಷೌರ ಮಾಡಿಸಿ ತಂದವನಂತೆ ಗಾಡಿಯನ್ನು ನೋಡುತ್ತಿದ್ದ. “ನಿನ್ನೆ ಐತವಾರ ನಾನೂ ಸ್ವಲ್ಪ ಕೈ ಆಡಿಸೀನಿ. ಕೊಡೂ ವಸ್ತು, ಚಂದ ಕಾಣಬೇಕು.”

ಒರೆಸಿರಬೇಕು ಎಂದುಕೊಂಡಳು ಶೀಲಾ. ಟ್ಯಾಂಕು ನಿಜಕ್ಕೂ ಹೊಳೆಯುತ್ತಿತ್ತು.

“ಟೆಂಪೋದಾಗ ಹಾಕಿ ಕಳಸೂಣು ಅಂದ್ರ ಕೇಳವಲ್ಲಿ. ನಡುದಾರ್ಯಾಗ ನಿಂತ್ರ ಏನ್ ಮಾಡ್ತಿ?”

“ನಿಂತ್ರ ಅಲ್ಲಿಂದನ ಟೆಂಪೋ ತರಸ್ತೀನ್ರಿ. ನಿಂತಲ್ಲೇ ಕೊಟ್ಟು ಬರ್ತೀನಿ.”

“ಗಾಡಿ ತಗೊಳ್ಳೂ ಕುನಾಲಗ ಜಬಾನ್ ಕೊಟ್ಟೀನಿ, ಮಾತಂದ್ರ ಮಾತು, ನೆನಪಿರ್ಲಿ. ಅದಕ್ಕ ಭರೋಸಾ ಇಲ್ಲ, ಶೀಲಾ. ಅಷ್ಟೇ ನನ್ನ ತಕರಾರು. ಗಾಡಿ ಅಂದ್ರ ಭರೋಸಾ ಇರಬೇಕು.”

ಭರೋಸಾ. ಅವನ ಬಾಯಲ್ಲಿ ಅದಕ್ಕಿಂತ ಮೇಲಿನ ಮಾತಿಲ್ಲ. ಅವನ ಸ್ಕೂಟರು ಮಳೆಗಾಲದಲ್ಲೂ ಒಂದೇ ಒದೆತಕ್ಕೆ ಚಾಲೂ ಆಗುತ್ತದೆ, ಅದು ಭರೋಸಾದ ಗಾಡಿ. ಗೋಡೆಯ ಗಡಿಯಾರ, ಲಗ್ನದಲ್ಲಿ ಬಂದ ಮಿಕ್ಸರು, ಎಲ್ಲ ಭರೋಸಾದವು. ಮದುವೆ ಮುಂಜಿಗಳಲ್ಲಿ ನೆಂಟರ ನಡುವೆ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟು, “ನಮ್ಮ ಶೀಲಾ ಅಂದ್ರ ಭರೋಸಾ” ಅನ್ನುತ್ತಾನೆ. ಎಷ್ಟೋ ವರ್ಷ ಆ ಮಾತಿಗೆ ಅವಳ ಮುಖ ಅರಳುತ್ತಿತ್ತು. ಜ್ವರವಿದ್ದರೂ ಎದ್ದು ರೊಟ್ಟಿ ಬಡಿದಿದ್ದಾಳೆ, ಅತ್ತೆಗೆ ಔಷಧದ ಸೂಜಿ ಚುಚ್ಚಿದ್ದಾಳೆ, ಮಗಳು ರೇವತಿಯ ಜಡೆ ಹೆಣೆದಿದ್ದಾಳೆ, ಸೂಪರ್ ಮಾರ್ಕೆಟ್ಟಿನ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಅಪರಿಚಿತರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ, ಇದು ಚಲೋ ಕಾಣ್ತದೋ ಇದು ಚಲೋ ಕಾಣ್ತದೋ ಎಂದು ಕೇಳಿದ್ದಾಳೆ. ಒಂದು ಮಧ್ಯಾಹ್ನ ಹಾಗೆ ಗಾಜು ಬದಲಿಸುವಾಗಲೇ ಗಂಡನ ಆ ಭರೋಸಾದ ಮಾತು ನೆನಪಾಗಿ ಅವಳ ಕೈ ನಿಂತಿತ್ತು. ಸ್ಕೂಟರಿಗೆ ಹೇಳುವ ದನಿಯೇ ಅದು, ಒಂದು ಎಳೆಯೂ ಬೇರೆಯಿಲ್ಲ. ಎದುರಿಗೆ ಕೂತಿದ್ದ ಮುದುಕ, “ಎರಡೂ ಒಂದೇ ಥರ ಕಾಣಾಕತ್ತಾವ್ರಿ ಬಾಯೋರ” ಎಂದಿದ್ದ. ಅವನು ಗಾಜಿನ ಬಗ್ಗೆ ಹೇಳುತ್ತಿದ್ದಾನೆಂದು ಹೊಳೆಯಲು ಅವಳಿಗೆ ಒಂದು ಕ್ಷಣ ಬೇಕಾಗಿತ್ತು.

ಅಂಗಡಿಯ ಕೀಲಿಕೈ ಅವಳ ಹತ್ತಿರವೇ ಉಳಿದಿತ್ತು. ಅದನ್ನು ಕೊಟ್ಟು ಹೋಗೋಣವೆಂದು ಸೂಪರ್ ಮಾರ್ಕೆಟ್ಟಿನ ಆಟೋಗಳ ನಡುವೆ ಗಾಡಿ ನುಸುಳಿಸಿದಾಗ ಜೊತೆಗೆ ಕೆಲಸ ಮಾಡುವ ಕುಲ್ಸುಮ್ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು.

“ಕ್ಯಾ ಅಕ್ಕಾ, ಆಜ್ ತುಮ್ಹಾರಾ ಇಟಲಿ ಖಾಮೋಶ್? ಮೂರು ಅಂಗಡಿ ಆಚೀಂದ ಕೇಳಸ್ತಿತ್ತು. ಇವತ್ತ ಎದುರಿಗಿ ಬಂದು ನಿಂತ್ರೂ ಗೊತ್ತಾಗವಲ್ದು.”

“ಕಮಲಾಪುರಕ್ಕ ಒಯ್ಯಾಕತ್ತೀನಿ. ಕೊಟ್ಟು ಬರಾಕ.”

ಕುಲ್ಸುಮಳ ನಗು ಅರ್ಧಕ್ಕೇ ನಿಂತಿತು. ಕೀಲಿಕೈ ಇಸಿದುಕೊಂಡು, ಗಾಡಿಯ ದೀಪದ ಮೇಲೆ ಅಂಗೈಯಿಟ್ಟಳು. “ಹಂಗಾದ್ರ ಬಿದಾಯಿ, ಮಗಳನ್ನ ಕಳಸೂ ಹೊತ್ತು ಅಂತ ಗೊತ್ತಾಗ್ಯದ ಅಕ್ಕಾ ಅದಕ್ಕ. ಅದಕ್ಕೇ ಬಾಯಿ ಮುಚ್ಚಿಕೊಂಡದ.”

ಆ ಮಾತು ಹುಮನಾಬಾದ್ ರಸ್ತೆ ಹಿಡಿಯುವವರೆಗೂ ಹಿಂಬಾಲಿಸಿತು. ಗಂಡಿನ ಕಡೆಯವರು ತನ್ನನ್ನು ನೋಡಲು ಬಂದ ದಿನ ಅಪ್ಪ ಜಗದೇವಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಮೆಲ್ಲಗೆ, “ಜ್ವಾರಾಗಿ ನಗಬ್ಯಾಡವ, ಇವತ್ತೊಂದಿನ” ಎಂದಿದ್ದ. ಅವಳ ನಗು ಹಾಗಿತ್ತು, ಡಬ್ಬಿಯಲ್ಲಿ ಏನೋ ಕುಲುಕಿದ ಹಾಗೆ. ಅವ್ವ ತಲೆಗೆ ಎಣ್ಣೆ ಒತ್ತಿ, ಒಂದು ಕೂದಲೂ ಏಳದಂತೆ ಬಾಚಿ ಕೂರಿಸಿದ್ದಳು. ಅವಳು ಅವತ್ತು ನಗಲಿಲ್ಲ. ಮರುದಿನವೂ ನಗಲಿಲ್ಲ. ಆಮೇಲೆ ನಕ್ಕರೂ ಬೇರೆ ಥರ ಬರುತ್ತಿತ್ತು. ಈಗ ಈ ಗಾಡಿಯೂ, ಕೊಳ್ಳುವವನ ಮುಂದೆ ನಿಲ್ಲಬೇಕೆಂದು ತಿಳಿದು ತನ್ನಷ್ಟಕ್ಕೆ ಸಭ್ಯವಾಗಿದೆಯೆ? ಹಾಗನ್ನಿಸಿ ಅವಳಿಗೆ ಗಾಡಿಯ ಮೇಲೇ ಸಿಟ್ಟು ಬಂತು. ನೀನೂ ಹೀಗೇನು ಎಂದು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಅಂದಳು. ತನ್ನ ಉಸಿರು ತನ್ನ ಮುಖಕ್ಕೇ ಬಿಸಿಯಾಗಿ ಬಡಿಯಿತು.

ಮೊದಲ ಸಲ ಅದನ್ನು ನೋಡಿದ್ದೂ ಕೆಟ್ಟು ನಿಂತಾಗಲೇ. ರಿಂಗ್ ರೋಡಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಯಾರೋ ಡಾಕ್ಟರ ಮಗ ಅದನ್ನು ಒದೆಯುತ್ತ ಬಯ್ಯುತ್ತಿದ್ದ. ಸುತ್ತ ನಿಂತ ಜನ ಪುಕ್ಕಟೆ ತಮಾಷೆ ನೋಡುತ್ತಿದ್ದರು. ಗಾಡಿ ಮಾತ್ರ ಯಾವ ಮುಲಾಜೂ ಇಲ್ಲದೆ, ಬೇಡವೆಂದರೆ ಬೇಡ ಎನ್ನುವಂತೆ, ಕುತ್ತಿಗೆ ಒಂದು ಕಡೆ ವಾಲಿಸಿಕೊಂಡು ನಿಂತಿತ್ತು. ಶೀಲಾ ತನ್ನ ಸ್ಕೂಟಿ ನಿಲ್ಲಿಸಿ, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, “ಮಾರ್ತೀರೇನು?” ಎಂದು ಕೇಳಿದ್ದಳು. ಆ ದನಿ ತನ್ನದೇ ಎಂದು ಅವಳಿಗೆ ಇನ್ನೂ ನಂಬಿಕೆಯಿಲ್ಲ. ಕೈಯ ಬಂಗಾರದ ಬಿಲ್ವಾರ ಹೋದವು, ಗಾಡಿ ಬಂತು. ವಿವೇಕಾನಂದ ಬಯ್ಯಲಿಲ್ಲ, ಅವನು ಬಯ್ಯುವವನಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, “ಇದಕ್ಕ ಭರೋಸಾ ಅದೇನು?” ಎಂದಷ್ಟೇ ಕೇಳಿದ.

ಭರೋಸಾ ಇರಲಿಲ್ಲ. ಬೇಸಿಗೆಯಲ್ಲಿ ಅದರ ಕರೆಂಟಿನ ಡಬ್ಬಿ ಕಾದು ತಂತಿಗಳನ್ನು ಕಂದು ಮಾಡುತ್ತಿತ್ತು. ಒಂದು ತಿಂಗಳು ಮುಟ್ಟದಿದ್ದರೆ ಬ್ಯಾಟರಿ ಸತ್ತು ಮಲಗುತ್ತಿತ್ತು. ಇಂಜಿನ್ನಿನ ಮಗ್ಗುಲಲ್ಲಿ ಓಡುವ ಎರಡು ರಬ್ಬರಿನ ಪಟ್ಟಿಗಳನ್ನು, ಗಾಡಿ ಓಡಿರಲಿ ಓಡದಿರಲಿ, ಗಡುವಿಗೆ ಸರಿಯಾಗಿ ಬದಲಿಸಬೇಕು. ಇಲ್ಲದಿದ್ದರೆ ಒಂದು ದಿನ ಹರಿದು ಒಳಗಿನದೆಲ್ಲ ಒಂದಕ್ಕೊಂದು ಗುದ್ದಿ ಪುಡಿಯಾಗುತ್ತದೆ. ಆ ಪಟ್ಟಿಗಳು ಸಮುದ್ರ ದಾಟಿ ಬರುವವರೆಗೆ ಕಾಯಬೇಕು. ಊರಿನಲ್ಲಿ ಯಾರೂ ಅದಕ್ಕೆ ಕೈ ಹಚ್ಚಲು ಒಪ್ಪದಿದ್ದಾಗ ಅವಳೇ ಕಲಿತಳು, ಕೆಡಿಸಿ ಕೆಡಿಸಿ ಕಲಿತಳು. ಬೇರೆ ಗಾಡಿಯ ಇಂಜಿನ್ನಿನಲ್ಲಿ ಗಾಳಿ ಹೋಗಿಬರುವ ಪುಟ್ಟ ಬಾಗಿಲು, ಅಂದರೆ ವಾಲ್ವು, ತೆರೆದರೆ ಸ್ಪ್ರಿಂಗು ಅದನ್ನು ತಾನಾಗಿ ಮುಚ್ಚುತ್ತದೆ. ಇದರಲ್ಲಿ ತೆರೆಯುವುದಕ್ಕೊಂದು ಕೈ, ಮುಚ್ಚುವುದಕ್ಕೇ ಇನ್ನೊಂದು ಕೈ. ಅದನ್ನು ತಿಳಿದ ದಿನ ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಎಷ್ಟೋ ಹೊತ್ತು ಯೋಚಿಸಿದ್ದಳು. ಈ ಮನೆಯಲ್ಲಿ ಎಲ್ಲವೂ ಸ್ಪ್ರಿಂಗಿನ ಮೇಲೆ ನಡೆಯುತ್ತದೆ, ತೆರೆದರೆ ತಾನಾಗಿ ಮುಚ್ಚುತ್ತದೆ, ಯಾರೂ ನೋಡಬೇಕಾಗಿಲ್ಲ. ಇದೊಂದನ್ನು ಮಾತ್ರ ಪ್ರತಿಸಲವೂ ಕಿವಿಗೊಟ್ಟು ಕೇಳಬೇಕು. ಇವತ್ತು ಬರುತ್ತೀಯಾ ಎಂದು ಕೇಳಬೇಕು. ಇಲ್ಲ ಎನ್ನುವ ಹಕ್ಕು ಅದಕ್ಕಿದೆ.

ಆ ಹಕ್ಕನ್ನು ಅದು ರೇವತಿಯ ಕಾಲೇಜಿನ ಗೇಟಿನ ಮುಂದೆಯೂ ಚಲಾಯಿಸಿತ್ತು. ಪರೀಕ್ಷೆ ಮುಗಿಸಿ ಹುಡುಗಿಯರು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ನಿಂತು, ಎಷ್ಟು ಗುಂಡಿ ಒತ್ತಿದರೂ ಕೆಮ್ಮಿ ಸುಮ್ಮನಾಗುತ್ತಿತ್ತು. ಗೆಳತಿಯರ ಗುಂಪಿನಲ್ಲಿ ಬಂದ ರೇವತಿ ಅವಳ ಕಣ್ಣಿಗೆ ಕಣ್ಣು ಕೊಟ್ಟು, ಯಾರೋ ಅನ್ನುವಂತೆ ದಾಟಿ ಹೋದಳು. ಆ ರಾತ್ರಿ ಮಗಳು ಏನೂ ಹೇಳಲಿಲ್ಲ. ವಿವೇಕಾನಂದನೇ ಕುನಾಲನ ಮಾತು ತೆಗೆದ. ಕಮಲಾಪುರದ ಹೆದ್ದಾರಿಯಲ್ಲಿ ಢಾಬಾ ತೆಗೆದಿರುವ ದೂರದ ನೆಂಟ, ಗಾಡಿಯ ಫೋಟೋ ನೋಡಿ ಮರುಳಾಗಿದ್ದಾನೆ ಎಂದ. ಶೀಲಾ ಹೂಂ ಅಂದಿದ್ದಳು. ಯಾಕೆ ಅಂದಳು? ಮಗಳ ಆ ನೋಟಕ್ಕೆ ಸೋತು ಅಂದಳು. ಈಗ ಮಹಾಗಾಂವದ ಕಡೆಗೆ ಓಡುವ ರಸ್ತೆಯಲ್ಲಿ, ಎರಡೂ ಬದಿ ಕೊಯ್ದ ತೊಗರಿಯ ಬಣವೆಗಳ ನಡುವೆ, ಅವಳು ತನಗೆ ತಾನೇ ಹಾಕಿಕೊಂಡ ಕರಾರನ್ನು ಇನ್ನೊಮ್ಮೆ ಹೇಳಿಕೊಂಡಳು: ನಿಂತರೆ ಕೊಟ್ಟುಬಿಡುತ್ತೇನೆ, ಮಾತೇ ಇಲ್ಲ. ನಿಲ್ಲದಿದ್ದರೆ? ಅದನ್ನು ಗಂಡನಿಗೆ ಹೇಳಿರಲಿಲ್ಲ.

ನಿಂತಿತು. ಸರಿಯಾಗಿ ಹೇಳಬೇಕೆಂದರೆ ಇಂಜಿನ್ ನಿಲ್ಲಲಿಲ್ಲ, ಗಾಡಿ ನಿಂತಿತು. ಮಹಾಗಾಂವದ ಕ್ರಾಸಿನ ಹತ್ತಿರ ಒಂದು ಲಾರಿಯನ್ನು ದಾಟಲೆಂದು ಕೈ ತಿರುವಿದಾಗ ಇಂಜಿನ್ ಹುಚ್ಚೆದ್ದು ಕೂಗಿತು, ಚಕ್ರಕ್ಕೆ ಮಾತ್ರ ಅದು ಮುಟ್ಟಲೇ ಇಲ್ಲ. ಇನ್ನಷ್ಟು ತಿರುವಿದಳು, ಇನ್ನಷ್ಟು ಕೂಗಾಟ. ಗಾಡಿ ಎತ್ತಿನ ಬಂಡಿಯಂತೆ ತೆವಳಿ ರಸ್ತೆ ಬದಿಗೆ ಬಂತು. ಅವಳು ಇಳಿದು ಹೆಲ್ಮೆಟ್ ತೆಗೆದಳು. ತಂಪು ಗಾಳಿಯ ಜೊತೆಗೇ ಒಂದು ವಾಸನೆ ಮೂಗಿಗೆ ಬಡಿಯಿತು. ಕಾದ ಎಣ್ಣೆ. ಭಜಿ ಕರಿಯುವ ವಾಸನೆ.

ಕ್ರಾಸಿನ ಬೇವಿನ ಮರದ ಕೆಳಗಿನ ಚಹಾದ ಗುಡಿಸಲಿನಿಂದ ಒಬ್ಬ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಳ್ಳುತ್ತ ಹೊರಗೆ ಬಂದಳು. “ನನ್ನ ಬಾಣಲಿ ಇನ್ನ ಒಲಿ ಮ್ಯಾಲ ಇಟ್ಟೇ ಇಲ್ಲ, ಈ ವಾಸನಿ ಎಲ್ಲಿಂದ ಬರ್ಲಿಕತ್ತದ?”

“ಭೀಮಬಾಯಿ, ನಿನ್ನ ಎದುರಿಗೇ ಒಬ್ಬಾಕಿ ಅಂಗಡಿ ಹಾಕ್ಯಾಳ ನೋಡು,” ಎಂದ ಬಸ್ಸಿಗೆ ಕಾಯುತ್ತಿದ್ದ ರುಮಾಲಿನವ. “ಗಾಡಿ ಮ್ಯಾಲೇ ಮಿರ್ಚಿ ಕರ್ಯಾಕತ್ತಾಳ!” ಅವನ ಜೊತೆಗಿದ್ದವರೆಲ್ಲ ನಕ್ಕರು.

ಶೀಲಾ ಕುಕ್ಕರಗಾಲಲ್ಲಿ ಕೂತು ಕ್ಲಚ್ಚಿನ ಮುಚ್ಚಳದ ಗಾಳಿಕಿಂಡಿಗಳಿಗೆ ಮೂಗು ತಂದಳು. ಬೆರಳು ಒತ್ತಿದಳು. ಬೆರಳ ತುದಿಗೆ ಹಳದಿ ಜಿಡ್ಡು ಅಂಟಿತು. ಇಂಜಿನ್ನಿನ ಎಣ್ಣೆಯಲ್ಲ ಅದು. ಅವಳ ಅಡುಗೆಮನೆಯದು, ಕುಸುಬಿ ಎಣ್ಣೆ. ಅದರ ವಾಸನೆ ಅವಳಿಗೆ ನಿದ್ದೆಯಲ್ಲೂ ಗೊತ್ತು. ನಿನ್ನೆ ಐತವಾರ. ಪ್ರತಿ ಐತವಾರ ವಿವೇಕಾನಂದ ಉದ್ದ ಮೂತಿಯ ಸ್ಟೀಲಿನ ಎಣ್ಣೆಕುಪ್ಪಿ ಹಿಡಿದು ಮನೆಯೆಲ್ಲ ಸುತ್ತುತ್ತಾನೆ. ಗೇಟಿನ ಕೀಲಿಗೆ, ಹೊಲಿಗೆ ಯಂತ್ರದ ಗಾಲಿಗೆ, ಕಿಟಕಿಯ ಚಿಲಕಕ್ಕೆ ಎರಡೆರಡು ಹನಿ. ಕೊನೆಗೆ ತನ್ನ ಅವ್ವನ ಕಾಲ ಬಳಿ ಕೂತು ಉಳಿದ ಎಣ್ಣೆಯನ್ನು ಅವಳ ಮೊಣಕಾಲಿಗೆ ತಿಕ್ಕುತ್ತಾನೆ, ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು. ಕಿರುಗುಟ್ಟುವ ಯಾವುದನ್ನೂ ಅವನು ಹಾಗೇ ಬಿಟ್ಟವನಲ್ಲ. ಗಾಡಿಯ ಬಲಮಗ್ಗುಲಲ್ಲಿ ಕೂತು ಆ ಕಿಂಡಿಗಳಲ್ಲಿ ಕುಪ್ಪಿಯ ಮೂತಿ ತೂರಿಸಿ, ಪಾಪ ಎಷ್ಟು ಒದ್ದಾಡುತ್ತದೆ ಇದು ಎಂದು, ಪ್ರೀತಿಯಿಂದಲೇ ಹೊಯ್ದಿರಬೇಕು. ಪ್ರೀತಿಯಿಂದ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಬಿಸಿಯಾಗಿ ಎದ್ದಿತು.

“ಗಂಡಗ ಫೋನ್ ಹಚ್ಚು ತಂಗಿ,” ಎಂದಳು ಭೀಮಬಾಯಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತ.

“ಅವರೇ ಎಣ್ಣಿ ಹಾಕಿ ಕಳಸ್ಯಾರ್ರಿ ಆಯಿ.”

“ಹಾಂ?” ಭೀಮಬಾಯಿ ಅವಳ ಬೆರಳನ್ನು ಹಿಡಿದು ಮೂಸಿದಳು. “ಕುಸುಬಿ! ಯವ್ವ, ಈ ಎಣ್ಣಿಗಿ ಈಗೇನು ರೇಟದ, ಗಾಡಿಗಿ ಹೊಯ್ದಾನಲ್ಲ! ನನ್ನ ಗಂಡ ಇದ್ದಾಗ ಹಿಂಗೇ, ನಾ ಊರಿಗಿ ಹೋದಾಗ ಉಪ್ಪಿನಕಾಯಿ ಒಣಗ್ಯದಂತ ನೀರು ಹಾಕಿಟ್ಟಿದ್ದ. ಭಾಳ ಕಾಳಜಿ ಮನಷಾ.”

ಟೆಂಪೋ ತರಿಸಿದರೆ ಮುಗಿಯಿತು. ಫೋನು ಕೈಯಲ್ಲೇ ಇತ್ತು. ನಿಂತರೆ ಕೊಡುತ್ತೇನೆ ಎಂದಿದ್ದಳು, ನಿಂತಿದೆ. ಸಂಜೆ ಗಂಡ ನಾ ಹೇಳಿದ್ದಿಲ್ಲೇನು ಎಂದು ಸಹ ಅನ್ನದೆ, ಮೌನವಾಗಿ ಅವಳ ತಟ್ಟೆಗೆ ಒಂದು ತುತ್ತು ಹೆಚ್ಚು ಬಡಿಸುತ್ತಾನೆ. ಆ ಕರುಣೆಯ ತುತ್ತು ಈಗಲೇ ನಾಲಿಗೆಯ ಮೇಲೆ ಬಂದ ಹಾಗಾಯಿತು. ಅವಳು ಫೋನನ್ನು ಚೀಲಕ್ಕೆ ತುರುಕಿದಳು. ನಿಂತದ್ದು ಗಾಡಿಯ ತಪ್ಪಿಗಲ್ಲ, ಕರಾರಿಗೆ ಇದು ಸೇರುವುದಿಲ್ಲ.

“ಆಯಿ, ಇಲ್ಲಿ ಬಾಟ್ಲ್ಯಾಗ ಪೆಟ್ರೋಲ್ ಸಿಗ್ತದೇನು?”

ಸಿಕ್ಕಿತು. ಸೀಟಿನ ಕೆಳಗಿನ ರಿಪೇರಿ ಸಾಮಾನಿನ ಸುರುಳಿ ಬಿಚ್ಚಿ ಮುಚ್ಚಳದ ಬೋಲ್ಟುಗಳನ್ನು ತೆಗೆದಳು, ಸ್ಪ್ರಿಂಗುಗಳನ್ನು ಒಂದೊಂದಾಗಿ ಸಡಿಲಿಸಿದಳು. ಭೀಮಬಾಯಿ ಹಾಸಿಕೊಟ್ಟ ಗೋಣಿಚೀಲದ ಮೇಲೆ ಬಿಲ್ಲೆಗಳನ್ನು ಬಂದ ಸಾಲಿನಲ್ಲೇ ಜೋಡಿಸುತ್ತ ಹೋದಳು. ಒಂದರ ಮೇಲೊಂದು ಕೂತಿದ್ದ ತೆಳ್ಳನೆಯ ದುಂಡು ಬಿಲ್ಲೆಗಳು, ಎಣ್ಣೆಯಲ್ಲಿ ಮಿಂದು ಮಿರಿಮಿರಿ ಮಿಂಚುತ್ತಿದ್ದವು.

“ಇವೇನು, ಕಬ್ಬಿಣದ ರೊಟ್ಟೀನ?”

“ಹೌದ್ರಿ ಆಯಿ. ಎಣ್ಣಿ ಹಚ್ಚಬಾರದ ರೊಟ್ಟಿ.”

ಭೀಮಬಾಯಿಗೆ ಅದು ಸರಿಯಾಗಿ ತಿಳಿಯಿತು. ಬೇರೆ ಪ್ರಶ್ನೆ ಕೇಳದೆ, ಪೆಟ್ರೋಲಿನ ಹತ್ತಿರ ಬೀಡಿ ಹಚ್ಚಲು ಬಂದ ರುಮಾಲಿನವನನ್ನು ಗದರಿ ಓಡಿಸಿದಳು. ಶೀಲಾ ಕುತ್ತಿಗೆಯ ದುಪಟ್ಟಾ ತೆಗೆದು ಪೆಟ್ರೋಲಿನಲ್ಲಿ ಅದ್ದಿದಳು. ಒಂದು ಬಿಲ್ಲೆ ತೊಳೆದು ಬಿಸಿಲಿಗೆ ಹಿಡಿದು ನೋಡಿದಳು, ಹೊಳಪು ಹೋಗಿ ಮಂಕಾಗಿ ಒರಟಾಗಿ ಕಾಣುವವರೆಗೆ ಮತ್ತೆ ತಿಕ್ಕಿದಳು. ಇದು ಚಲೋ ಕಾಣ್ತದೋ, ಇದೋ. ಮೈಮೇಲೆ ಇದ್ದ ಒಳ್ಳೆಯ ದುಪಟ್ಟಾ ಅದೊಂದೇ, ಕುನಾಲನ ಎದುರಿಗೆ ಮಾನ ಉಳಿಯಲೆಂದು ಹಾಕಿಕೊಂಡದ್ದು. ಅದು ಹಳದಿ ಜಿಡ್ಡು ಕುಡಿದು ಕಪ್ಪಾಗುತ್ತ ಹೋದಂತೆ ಅವಳ ಕೈಗಳು ಇನ್ನಷ್ಟು ಚುರುಕಾದವು. ಸುತ್ತ ನೆರೆದವರ ಕಾಲುಗಳು ಕಾಣುತ್ತಿದ್ದವು. ಹೆಂಗಸು ರಸ್ತೆಯ ಮೇಲೆ ಕೂತು ಹೀಗೆ ಮಾಡುವುದು ಯಾವ ಮನೆತನದ ರೀತಿ ಎಂದು ಯಾರೋ ಅಂದರು. ಅವಳಿಗೆ ಕೇಳಿಸಿತು. ತಲೆಯೆತ್ತದೆ ಅವನ ಕಾಲನ್ನೇ ನೋಡಿ, “ನೆರಳು ಸರಸ್ರಿ, ಬಿಸಲು ಬೇಕಾಗ್ಯದ” ಎಂದಳು. ಕಾಲುಗಳು ಸರಿದವು.

ಎಲ್ಲ ಸೇರಿಸಿ ಗುಂಡಿ ಒತ್ತಿ, ಕ್ಲಚ್ಚಿನ ಹಿಡಿ ಒತ್ತಿದಾಗ, ಬೇವಿನ ಮರದ ಕಾಗೆಗಳು ಹಾರಿಹೋಗುವ ಹಾಗೆ ಖಡಖಡ ಎದ್ದಿತು. ರುಮಾಲಿನವ ಹಣೆ ಬಡಿದುಕೊಂಡ. “ಮುಗೀತು! ಮೊದಲ ಸುಮ್ಮನಾದ್ರೂ ಇತ್ತು, ಈಗ ಪೂರಾ ಕೆಡಿಸಿಟ್ಟಳು ನೋಡ್ರಿ!” ಶೀಲಾಗೆ ನಗು ಬಂತು. ಬಂದ ನಗು ಹಳೆಯದು, ಜೋರಾದದ್ದು. ಅದೂ ಇದೂ ಸೇರಿ ಯಾವುದು ಯಾವುದರ ಸಪ್ಪಳ ಎಂದು ತಿಳಿಯದಂತಾಯಿತು. ಭೀಮಬಾಯಿ ತಾನು ಕುಡಿಸಿದ ಚಹಾದ ದುಡ್ಡು ಮುಟ್ಟಲಿಲ್ಲ.

ಕಮಲಾಪುರದ ಹೆದ್ದಾರಿಯ ಮಗ್ಗುಲಲ್ಲಿ ಕುನಾಲನ ಢಾಬಾ ಹೊಸ ಬಣ್ಣದಲ್ಲಿ ನಿಂತಿತ್ತು. ಬಾಗಿಲಲ್ಲಿ ಕೆಂಬಾಳೆಯ ಗೊನೆಗಳನ್ನು ತೂಗುಹಾಕಿದ್ದರು. ಎದುರಿಗೆ, ಆಳೆತ್ತರದ ಒಂದು ಸಿಮೆಂಟಿನ ಕಂಬ. ಅದರ ತಲೆಯ ಮೇಲೆ ಕಬ್ಬಿಣದ ಎರಡು ಹಿಡಿಕೆಗಳು ಬಾಯಿ ತೆರೆದು ಕಾಯುತ್ತಿದ್ದವು. ಶೀಲಾಗೆ ಮೊದಲು ಅರ್ಥವಾಗಲಿಲ್ಲ.

“ಬರ್ರಿ ವೈನಿ, ಬರ್ರಿ!” ಕುನಾಲ ಓಡಿ ಬಂದ. “ನೋಡ್ರಿ, ಅಲ್ಲಿ ಮ್ಯಾಲ ನಿಲ್ಲಸ್ತೀನಿ, ಕೆಳಗ ಲೈಟ್ ಬಿಡ್ತೀನಿ. ಬೀದರ ಮಂದಿ, ಹೈದರಾಬಾದ ಮಂದಿ, ಎಲ್ಲಾರೂ ಇಳದು ಸೆಲ್ಫಿ ಹೊಡೀತಾರ. ಅಣ್ಣಾವ್ರು ಭರೋಸಾ ಇಲ್ಲ ಅಂದ್ರು. ನಾ ಅಂದೆ, ಇಲ್ಲಿ ಭರೋಸಾದ ಸವಾಲೇ ಇಲ್ಲ, ನಿಂತ್ರ ಸಾಕು! ಇಂಜಿನ್ ಭಾಳ ಭಾರ ಆಗ್ತದ ಕಂಬಕ್ಕ. ನಿಮಗ ಬೇಕಂದ್ರ ಬಿಚ್ಚಿಕೊಂಡು ಹೋಗ್ರಿ ವೈನಿ, ನಾ ಏನೂ ಅನ್ನಂಗಿಲ್ಲ.”

ಅವನ ಮುಖದಲ್ಲಿ ಕೆಟ್ಟತನವಿರಲಿಲ್ಲ. ಉಡುಗೊರೆ ಕೊಡುವವನ ಹಿಗ್ಗಿತ್ತು. ಅವಳು ಕಂಬವನ್ನು ನೋಡಿದಳು. ಬೆಳಕಿನಲ್ಲಿ, ಒಳಗೆ ಏನೂ ಇಲ್ಲದೆ, ಎಂದೂ ಕೆಡದೆ, ಎಲ್ಲರೂ ಪಕ್ಕದಲ್ಲಿ ನಿಂತು ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುವಂತೆ ಅದು ಅಲ್ಲಿ ನಿಲ್ಲಬೇಕು.

“ಚಾವಿ ಕೊಡ್ರಿ. ಮೊದಲ ಆ ಸಪ್ಪಳ ಬಂದ್ ಮಾಡ್ರಿ, ಮಾತೇ ಕೇಳಸವಲ್ದು.”

“ಬಂದ್ ಮಾಡಂಗಿಲ್ಲ ಕುನಾಲ.”

“ಹಾಂ?”

“ಕೊಡಂಗಿಲ್ಲ ಅಂದೆ.”

“ವೈನಿ, ಅಣ್ಣಾವ್ರು ಜಬಾನ್...”

“ಅವರ ಜಬಾನ್ ಅವರ ಹತ್ರ ಕೇಳು. ಗಾಡಿ ನಂದು.” ಮಾತು ಹೊರಬಿದ್ದ ಮೇಲೂ ಅವಳು ಗಾಡಿಯಿಂದ ಇಳಿಯಲಿಲ್ಲ. ಕುನಾಲ ಆಗಲೇ ಫೋನು ಹಚ್ಚಿ, ಪೆಚ್ಚುಮೋರೆ ಮಾಡಿ, ಅವಳ ಕೈಗೆ ಕೊಟ್ಟ. ಅವಳು ಹೆಲ್ಮೆಟ್ ತೆಗೆದು ಕ್ಲಚ್ಚಿನ ಹಿಡಿ ಬಿಟ್ಟಳು, ಖಡಖಡ ಅಡಗಿತು. ಊಟಕ್ಕೆ ಮನೆಗೆ ಬಂದಿದ್ದ ವಿವೇಕಾನಂದನ ದನಿ ಹೆದರಿತ್ತು.

“ಶೀಲಾ? ನಿಂತದೇನು? ಎಲ್ಲಿದ್ದಿ?”

“ನಿಂತಿಲ್ರಿ. ಕಮಲಾಪುರದಾಗ ಇದ್ದೀನಿ. ಕೊಡಾಕತ್ತಿಲ್ಲ.”

ಆ ಕಡೆ ಫ್ಯಾನಿನ ಗಾಳಿ ಕೇಳುತ್ತಿತ್ತು, ಎಣ್ಣೆ ಬಿಟ್ಟ ಫ್ಯಾನು. “ಹಂಗಂದ್ರ ಹೆಂಗ? ಮತ್ತ... ಅವ್ವಗ ರಾತ್ರಿ ರೊಟ್ಟಿ?”

“ಹಿಟ್ಟು ಡಬ್ಬ್ಯಾಗ ಅದ. ನೀವೇ ಬಡೀರಿ. ಎಣ್ಣಿ ಮಾತ್ರ ಹಾಕಬ್ಯಾಡ್ರಿ.”

ಅವನಿಗೆ ತಿಳಿಯಿತೋ ಇಲ್ಲವೋ. ತೀರ ಸಣ್ಣ ದನಿಯಲ್ಲಿ, “ಒದ್ದಾಡ್ತಿತ್ತಲ್ಲ ಅದು, ಅದಕ್ಕ ಹಾಕಿದ್ದೆ” ಎಂದ. ಅವಳು ಗಾಡಿಯ ಹಿಡಿಕೆಯನ್ನು ಬಿಡಲಿಲ್ಲ.

“ಗೊತ್ತದ ರೀ. ಇನ್ನ ಮುಂದ ಹಾಕಬ್ಯಾಡ್ರಿ. ಅದರ ದನೀನೇ ಅದು.”

“ನೀ ಯಾವಾಗ ಬರ್ತಿ?”

ರಸ್ತೆ ಎರಡು ಕಡೆಗೂ ಬಿಸಿಲಲ್ಲಿ ಬಿದ್ದಿತ್ತು, ಒಂದು ಕಡೆ ಮನೆಯಿರುವ ಕಲಬುರಗಿ, ಇನ್ನೊಂದು ಕಡೆ ಹುಮನಾಬಾದು. “ಹೇಳಾಕ ಬರಂಗಿಲ್ಲ,” ಎಂದಳು. “ಭರೋಸಾ ಇಲ್ಲ.”

ಹಿಂದಿನಿಂದ ಶಂಕ್ರಮ್ಮನ ದನಿ ಕೇಳಿತು. ಕಿವಿ ಕೇಳದವರ ಜೋರು ದನಿ: ಶೀಲಾ ಬಂದಿಲ್ಲೇನು, ಮುಂಜಾನಿಂದ ಗಾಡಿ ಸಪ್ಪಳ ಯಾಕಿಲ್ಲ? “ಅತ್ತಿ ಕಿವಿಗಿ ಫೋನ್ ಹಿಡೀರಿ,” ಎಂದು ಹೇಳಿ ಶೀಲಾ ಕುನಾಲನ ಫೋನನ್ನು ಬಲಗೈಯಲ್ಲಿ ಕ್ಲಚ್ಚಿನ ಮುಚ್ಚಳದ ಹತ್ತಿರ ಇಳಿಸಿ, ಎಡಗೈಯಿಂದ ಹಿಡಿ ಒತ್ತಿದಳು. ಗಜ್ಜುಗಗಳೆಲ್ಲ ಒಟ್ಟಿಗೆ ಕುಲುಕಿದವು. ಢಾಬಾದ ಊಟಗಾರರು ತಟ್ಟೆಯಿಂದ ತಲೆಯೆತ್ತಿದರು.

ಫೋನನ್ನು ಮತ್ತೆ ಕಿವಿಗೆ ತಂದಾಗ ಮುದುಕಿ ನೆಮ್ಮದಿಯಿಂದ ಮಗನಿಗೆ ಹೇಳುತ್ತಿದ್ದಳು: “ಹಾಂ, ಬಂದ್ಲು ನೋಡು.”

ಶೀಲಾ ಅದನ್ನು ತಿದ್ದಲಿಲ್ಲ. ಫೋನನ್ನು ಕುನಾಲನ ಕೈಗಿಟ್ಟು, ಹೆಲ್ಮೆಟ್ ಏರಿಸಿ, ಗಾಡಿಯ ಮೂತಿಯನ್ನು ಹುಮನಾಬಾದಿನ ಕಡೆಗೆ ತಿರುಗಿಸಿದಳು.